ದೊಡ್ಡವ್ವ ಕೇಳಿದ ಪಾಠ

ಶಾಲೆಯ ಮುಂದೆ ಹತ್ತಿಕಾಳು ತುಂಬಿದ ಟ್ರ್ಯಾಕ್ಟರು ಹೋದರೆ ನಾನು ಎದ್ದು ಕಿಟಕಿ ಹಾಕುತ್ತೇನೆ. ಎಣ್ಣೆಜಿಡ್ಡು, ಹಸಿ ಗೋಣಿಚೀಲ, ಧೂಳು ಎಲ್ಲ ಕಲೆತ ಆ ವಾಸನೆಗೆ ಆದೋನಿಯ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಈಗ ಅಲ್ಲಿ ಮೊಬೈಲ್ ಅಂಗಡಿಗಳಿವೆ. ಹತ್ತಿ ವ್ಯಾಪಾರದ ಆ ಮನೆಯಲ್ಲಿ, ಶಾಲೆಗೆ ಸೇರುವ ಮುಂಚೆ ಪ್ರತಿ ಕೂಸಿಗೂ ಅಕ್ಷರ ತಿದ್ದಿಸುವವಳು ದೊಡ್ಡವ್ವ, ನಮ್ಮ ದೊಡ್ಡಪ್ಪನ ಹೆಂಡತಿ. ಬಂಡೆಗಲ್ಲಿನ ನೆಲದ ಮೇಲೆ ಸುಣ್ಣದಕಡ್ಡಿಯಿಂದ ಅಕ್ಷರ ಬರೆದು, ಆ ಗೆರೆಗುಂಟ ಒಂದೊಂದೇ ಹತ್ತಿಕಾಳು ಇಡಿಸುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿಸಿ, ನಮ್ಮ ಬೆರಳು ಹಿಡಿದು ಕಾಳಿನ ಮೇಲೆ ಆಡಿಸಿ, ‘ಯಾವ ಅಕ್ಷರ, ಹೇಳು’ ಅನ್ನುತ್ತಿದ್ದಳು. ಹೇಳಿದರೆ ಬಾಯಿಗೊಂದು ಚೂರು ಬೆಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬಾಕೆ ಇದ್ದಿರಬೇಕು.

ಇಷ್ಟೆಲ್ಲ ಕಲಿಸುವ ದೊಡ್ಡವ್ವನಿಗೆ ಓದಲು ಮಾತ್ರ ಬರುತ್ತಿರಲಿಲ್ಲ. ಅವರಪ್ಪ ಅಕ್ಷರಮಾಲೆಯನ್ನಷ್ಟೇ ಕಲಿಸಿ, ಕೂಡಿಸಿ ಓದುವ ಹೊತ್ತಿಗೆ ಮದುವೆ ಮಾಡಿ ಕಳಿಸಿದ್ದ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಒಂದು ದಿನ ಜೋಳ ಹಸನು ಮಾಡುತ್ತ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು: ‘ಅವ್ವಿ, ನನಗ ಬಸ್ಸಿನ ಬೋರ್ಡು ಓದಾಕ ಕಲಿಸವ್ವ. ತೌರಿಗೆ ಕೌತಾಳಕ್ಕ ಹೋಗಾಕ ಪ್ರತಿಸಲ ಯಾರ್ದರ ಕಾಲು ಹಿಡೀಬೇಕು. ನಮ್ಮವ್ವಗ ಮೈಯಾಗ ಆರಾಮಿಲ್ಲ.’ ಆದೋನಿ ತೆಲುಗು ಸೀಮೆಯ ಊರು; ಬೋರ್ಡು ತೆಲುಗಿನದು, ನಮ್ಮ ಅಕ್ಷರಗಳಿಗೆ ದಾಯಾದಿ. ಎಂಟು ದಿನ ಕೂತಿದ್ದರೆ ಕಲಿತುಬಿಡುತ್ತಿದ್ದಳು. ನನಗೋ ಆಟಕ್ಕೆ ಓಡುವ ಅವಸರ. ‘ಅದೆಲ್ಲ ಯಾಕ ದೊಡ್ಡವ್ವ! ನೀರಿನ ಟಾಕಿ ಮುಂದ ನಿಂತಿರತೈತಿ ನೋಡು, ಅದ ಕೌತಾಳಂ ಬಸ್ಸು. ಹತ್ತಿ ಕುಂದ್ರು’ ಅಂದು ಓಡಿದೆ.

ಸುಗ್ಗಿಯ ದಿನಗಳು. ದೊಡ್ಡವ್ವನ ತಾಯಿಗೆ ಕಾಯಿಲೆ ಜೋರಾಗಿದೆ ಎಂದು ಸುದ್ದಿ ಬಂದಾಗ ಗಂಡಸರೆಲ್ಲ ಮಾರ್ಕೆಟ್ಟಿನಲ್ಲಿದ್ದರು. ದೊಡ್ಡವ್ವ ಒಬ್ಬಳೇ ಹೊರಟಳು. ಅವತ್ತು ಟಾಕಿಯ ಮುಂದೆ ನಿಂತಿದ್ದುದು ಪತ್ತಿಕೊಂಡದ ಬಸ್ಸು. ಕಾಲಿಡಲು ಜಾಗವಿಲ್ಲದ ಗದ್ದಲ. ಕಂಡಕ್ಟರ್ ಅವಳ ಹತ್ತಿರ ಬರುವಷ್ಟರಲ್ಲಿ ಊರು ಬಹಳ ಹಿಂದಾಗಿತ್ತು. ‘ಇದಿ ಪತ್ತಿಕೊಂಡ ಬಸ್ಸಮ್ಮಾ’ ಎಂದು ಯಾವುದೋ ಕ್ರಾಸಿನಲ್ಲಿ ಇಳಿಸಿಹೋದ. ಕಾದು ಕಾದು ಸಂಜೆ ಆದೋನಿಗೆ ಮರಳಿದರೆ ಕೌತಾಳದ ಕೊನೆಯ ಬಸ್ಸು ಹೋಗಿತ್ತು. ಮರುದಿನ ಬೆಳಿಗ್ಗೆ ತೌರಿಗೆ ಹೋದಾಗ ತೀರಿಕೊಂಡ ಅವ್ವನನ್ನು ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡಿಸಿದ್ದರು. ಮಗಳು ಬಂದಳೇನು ಎಂದು ಹಿಂದಿನ ದಿನ ದೀಪ ಹಚ್ಚುವ ಹೊತ್ತಿನವರೆಗೂ ಕೇಳುತ್ತಿದ್ದಳಂತೆ.

ದಿನಕರ್ಮ ಮುಗಿಸಿ ಬಂದ ಮೇಲೆ ದೊಡ್ಡಪ್ಪ ರೇಗಿದ: ‘ಆ ಬಸ್ಸು ಹತ್ತು ಅಂತ ಯಾರು ಹೇಳಿದ್ರು ನಿನಗ?’ ನಾನು ಕಂಬದ ಮರೆಯಲ್ಲಿದ್ದೆ. ದೊಡ್ಡವ್ವ ನನ್ನ ಕಡೆ ನೋಡಲೂ ಇಲ್ಲ. ‘ಯಾರೂ ಹೇಳಿಲ್ಲರಿ, ನಾನ ತಪ್ಪಿದೆ’ ಅಂದಳು. ನನಗೆ ಅಳು ಬರಲಿಲ್ಲ. ಎಷ್ಟೋ ವರ್ಷದ ಮೇಲೆ ದೊಡ್ಡವ್ವ ಸತ್ತಾಗಲೂ ಬರಲಿಲ್ಲ. ದೊಡ್ಡಪ್ಪ ರೇಗಿದ ಮಾರನೆಯ ವಾರ ಅವಳು ನನ್ನ ತಮ್ಮನಿಗೆ ಅದೇ ನೆಲದ ಮೇಲೆ ಕಾಳಿಡಿಸಿ ಅಕ್ಷರ ಶುರುಮಾಡಿದಳು.

ಈಗ ನಾನು ಒಂದನೇ ಕ್ಲಾಸಿನ ಟೀಚರು. ಮಕ್ಕಳು ಚಿತ್ರ ನೋಡಿ ಪದ ಹೇಳಿಬಿಡುತ್ತವೆ. ನಾನು ಅಂಗೈಯಿಂದ ಚಿತ್ರ ಮುಚ್ಚಿ, ‘ಈಗ ಓದು’ ಅನ್ನುತ್ತೇನೆ. ‘ಸಣ್ಣ ಕೂಸು, ಹೋಗ್ಲಿ ಬಿಡ್ರಿ ಟೀಚರ್’ ಅನ್ನುತ್ತಾರೆ ಜೊತೆಯವರು. ನಾನು ಬಿಡುವುದಿಲ್ಲ, ಅದು ಓದುವವರೆಗೂ ಕೈ ತೆಗೆಯುವುದಿಲ್ಲ. ದೊಡ್ಡವ್ವ ಮತ್ತೆಂದೂ ನನ್ನನ್ನು ಕೇಳಲಿಲ್ಲ. ಆಮೇಲೂ ಹನ್ನೊಂದು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿಂದುಕೊಂಡಿದ್ದೆವು. ಕಲಿಸಬಹುದಿತ್ತು. ಕಲಿಸಲಿಲ್ಲ.