ಅಮ್ಮ, ದೊಡ್ಡಣ್ಣ, ಕೂಸು ಎಂಬ ಸ್ಟೈಲುಗಳು

ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳು ಟೈಪಿಸ್ಟ್ ಅಕ್ಕ. ಊರಿನ ಅರ್ಧದಷ್ಟು ಪಿಎಚ್‌ಡಿ ಪ್ರಬಂಧಗಳು ಇಳಿದದ್ದು ಅವಳ ಬೆರಳಿನಿಂದಲೇ; ಡಾಕ್ಟರ್ ಆದವರು ಮಾತ್ರ ಬೇರೆಯವರು. ಪ್ರತಿ ತಲೆಬರಹವನ್ನೂ ಒಂದೊಂದಾಗಿ ಬೋಲ್ಡ್ ಮಾಡಿ, ಅಕ್ಷರದ ಗಾತ್ರ ಹದಿನಾರಕ್ಕೆ ಏರಿಸಿ, ಸ್ಪೇಸ್ ಬಾರ್ ಒತ್ತಿ ಒತ್ತಿ ನಡುವಿಗೆ ತಳ್ಳುವಳು. ಪರಿವಿಡಿಯ ಪುಟಸಂಖ್ಯೆಗಳನ್ನೂ ಕೈಯಲ್ಲೇ ಹೊಡೆಯುವಳು. ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಅವಳ ವಾಸ. ಅಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳುತ್ತಿರಲಿಲ್ಲ. ಈ ಕುರ್ಚಿಯಲ್ಲಿ ಕೂತಾಗ ಮಾತ್ರ ಜನ ಅವಳಿಗಾಗಿ ಕಾಯುತ್ತಿದ್ದರು.

ಒಂದು ದಿನ ಅವಳು ಟೈಪ್ ಮಾಡಿದ್ದ ಮೂರು ಪ್ರಬಂಧಗಳು ವಿಶ್ವವಿದ್ಯಾಲಯದಿಂದ ವಾಪಸು ಬಂದವು. ತಲೆಬರಹಗಳಿಗೆ ಸ್ಟೈಲ್, ಅಂದರೆ ಅಕ್ಷರದ ಗಾತ್ರ, ದಪ್ಪ, ಜಾಗ ಎಲ್ಲವನ್ನೂ ಒಂದೇ ಒತ್ತಿಗೆ ಕೂರಿಸುವ ಕಂಪ್ಯೂಟರಿನ ಏರ್ಪಾಡು ಇರಬೇಕು, ಪರಿವಿಡಿ ತಾನಾಗಿಯೇ ಮೂಡಬೇಕು ಎಂಬ ಹೊಸ ನಿಯಮ.

"ಅಕ್ಕಾ, ಒಂದು ತಿಂಗಳು ಟೈಮ್ ಕೊಡ್ತೀನಿ," ಎಂದ ಅಂಗಡಿಯ ಯಜಮಾನ. "ಈ ಸ್ಟೈಲು ಗೀಲು ಕಲ್ತುಬಿಡಿ. ಆಗ್ಲಿಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗುತ್ತೆ."

ಐವತ್ತು ದಾಟಿದವಳು ಮತ್ತೆ ಅಆಇಈಯಿಂದ ಶುರು ಮಾಡಿದಳು. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಹೆಡಿಂಗ್ ಒನ್, ಹೆಡಿಂಗ್ ಟೂ ಎಂಬ ಹೆಸರುಗಳು ತಲೆಗೆ ಹತ್ತದೆ, ಸ್ಟೈಲುಗಳನ್ನು ತಾನೇ ಮಾಡಿಕೊಂಡಳು. ಮೂಲ ಬರಹಕ್ಕೆ ಅಮ್ಮ, ಉಳಿದವೆಲ್ಲ ಅದರಿಂದ ಹುಟ್ಟಿದ ಮಕ್ಕಳು. ಅಧ್ಯಾಯದ ತಲೆಬರಹಕ್ಕೆ ದೊಡ್ಡಣ್ಣ, ಅದರ ಕೆಳಗಿನದಕ್ಕೆ ಚಿಕ್ಕಣ್ಣ, ಅಡಿಟಿಪ್ಪಣಿಗೆ ಕೂಸು. ದೊಡ್ಡಣ್ಣನಿಗೆ ಒಂದನೇ ಮಟ್ಟ, ಚಿಕ್ಕಣ್ಣನಿಗೆ ಎರಡನೇ ಮಟ್ಟ ಕೊಟ್ಟ ಮೇಲೆ ಪರಿವಿಡಿ ತಾನಾಗಿಯೇ ಮೂಡಿತು. ಅಮ್ಮನ ಅಕ್ಷರ ಬದಲಿಸಿದರೆ ಮುನ್ನೂರು ಪುಟಗಳಲ್ಲೂ ಮಕ್ಕಳ ಅಕ್ಷರ ಬದಲಾಗುತ್ತಿತ್ತು. ಯಾವ ಮನೆಯಲ್ಲಿ ಅಮ್ಮನ ಮಾತು ಇಷ್ಟು ನಡೆಯುತ್ತದೆ ಎಂದುಕೊಂಡು ಅವಳು ಒಬ್ಬಳೇ ನಕ್ಕಳು.

ನಾಲ್ಕು ದಿನ ಹಿಡಿಯುತ್ತಿದ್ದ ತಲೆಬರಹ, ಪರಿವಿಡಿಯ ಕೆಲಸ ಟೀ ಆರುವುದರೊಳಗೆ ಮುಗಿದದ್ದನ್ನು ನೋಡಿ ಯಜಮಾನ ಬಾಯಿ ಬಿಟ್ಟ.

"ಅಕ್ಕಾ, ನನಗೂ ಅರ್ಥ ಆಗೋ ಹಾಗೆ ಒಂದು ಹಾಳೇಲಿ ಬರೆದುಕೊಡಿ."

ಅವಳನ್ನು ಯಾರಾದರೂ ಏನನ್ನಾದರೂ ಹೇಳಿಕೊಡಿ ಎಂದು ಕೇಳಿದ್ದು ಅದೇ ಮೊದಲು. ಹಿಗ್ಗಿ ಹೋದಳು. ಗುಂಡಗಿನ ಅಕ್ಷರದಲ್ಲಿ, ಬಾಣ ಹಾಕಿ, ಯಾವ ಸಾಲಿಗೆ ದೊಡ್ಡಣ್ಣ, ಯಾವುದಕ್ಕೆ ಕೂಸು ಎಂದು ಶಾಲೆಯ ಮಗುವಿಗೂ ತಿಳಿಯುವಂತೆ ಬರೆದಳು. ಅಷ್ಟು ಚೆನ್ನಾಗಿ ಬರೆಯುವ ದರ್ದು ಏನಿತ್ತು ಮಹರಾಯ್ತಿಗೆ!

ಮರುದಿನ ಹಾಳೆ ಲ್ಯಾಮಿನೇಟ್ ಆಗಿ ಗೋಡೆ ಏರಿತು. ಕಂಪ್ಯೂಟರ್ ಬಾಗಿಲ ಕಡೆ ತಿರುಗಿತು. ಟೈಪಿಂಗ್ ಮನೆಯಲ್ಲೇ ಮುಗಿಸಿ ತಂದ ವಿದ್ಯಾರ್ಥಿಗಳೇ ಬಂದು ಕೂತು, "ಲೇ, ದೊಡ್ಡಣ್ಣನ್ನ ಒತ್ತೋ," ಎಂದು ನಗುತ್ತಾ ತಮ್ಮ ಕೆಲಸ ತಾವೇ ಮುಗಿಸಿಕೊಂಡು ಹೋಗತೊಡಗಿದರು. ಅಕ್ಕ ಸ್ಟೂಲಿನ ಮೇಲೆ ಕೂತು ಪಿನ್ ಹೊಡೆಯುತ್ತಿದ್ದಳು. ಆಮೇಲೆ ಅದನ್ನೂ ಅವರೇ ಹೊಡೆದುಕೊಂಡರು.

ತಿಂಗಳು ತುಂಬಿದ ದಿನ ಯಜಮಾನ ತಲೆ ಕೆರೆದುಕೊಂಡ. "ನಾಳೆಯಿಂದ ಬರೋದು ಬೇಡ ಅಕ್ಕಾ. ನಿಮ್ಮ ಮೇಲೆ ಬೇಜಾರೇನಿಲ್ಲ. ನಿಮಗೆ ಕೊಡೋಕೆ ಕೆಲಸಾನೇ ಇಲ್ವಲ್ಲ."

"ಕಲ್ತೆನಲ್ಲ ಸಾರ್. ನೀವು ಹೇಳಿದ ಹಾಗೇ ಕಲ್ತೆನಲ್ಲ."

"ಕಲ್ತ್ರಿ. ತುಂಬಾ ಚೆನ್ನಾಗಿ ಕಲ್ತ್ರಿ."

ಕುರ್ಚಿಯ ಮೇಲಿನ ದಿಂಬು ಅವಳದೇ ಆಗಿತ್ತು. ತೆಗೆದುಕೊಳ್ಳಲು ಹೋದರೆ ಅದರ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಏಳು ಎನ್ನಲು ಬಾಯಿ ಬರದೆ, ಅಕ್ಕ ಗೋಡೆಗೆ ಒರಗಿ ಕಾದಳು.

ಹುಡುಗಿ ತಲೆ ಎತ್ತಿದಳು. "ಆಂಟಿ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ತೀರಾ? ಆ ಹಾಳೆ ಕಾಣಿಸ್ತಿಲ್ಲ."

ಅಕ್ಕ ಪಕ್ಕಕ್ಕೆ ಸರಿದಳು.