ಫಕೀರನ ಬೀಜ, ಅಕ್ಕನ ಗುಳಿಗಿ

ಕುಷಾಯಿಗೂಡದ ನಮ್ಮ ಓಣಿಗೆ ಗುರುವಾರ ಒಬ್ಬ ಫಕೀರ ಬರತಿದ್ದ. ಕೆಂಡದ ಮ್ಯಾಲೆ ಹರಮಲ ಬೀಜ ಉದುರಿಸಿ, ಚಟಪಟ ಹೊಗಿ ಎಬ್ಬಿಸಿ ಮನಿಮಂದಿಗೆ ಬಿದ್ದ ಕೆಟ್ಟ ಕಣ್ಣಿನ ನದರ ತಗಿತಿದ್ದ. ನಮ್ಮವ್ವಗ ಆತನ ಮ್ಯಾಲೆ ಭಾಳ ನಂಬಿಕಿ. ನಾ ಫಾರ್ಮಸಿ ಕಾಲೇಜಿನ್ಯಾಗ ಪಾಠ ಹೇಳಾಕಿ, ಆದ್ರೂ ಸುಮ್ಮನಿದ್ದೆ. ಹೊಗಿ ಜೋಡಿ ಯಾಕ ಜಗಳ?

ಆ ವರ್ಷ ಅಕ್ಕಗ ಮನಸ್ಸು ಕುಸಿದು ಹಾಸಿಗಿ ಬಿಟ್ಟು ಏಳತಿರಲಿಲ್ಲ. ಮನಸ್ಸಿನ ಡಾಕ್ಟರ್ ಗುಳಿಗಿ ಕೊಟ್ರು. "ಅವ್ವಗ ಹೇಳಬ್ಯಾಡ, ಹುಚ್ಚಿ ಅಂದಾಳು," ಅಂತ ನನ್ನಿಂದ ಆಣಿ ಮಾಡಿಸ್ಕೊಂಡ್ಲು. ಗುಳಿಗಿ ವಿಟಮಿನ್ ಡಬ್ಬ್ಯಾಗ ಕೂತ್ವು. ಬರಬರತಾ ಆಕಿ ಎದ್ದು ತಲಿ ಬಾಚ್ಕೊಂಡ್ಲು, ನಗಾಕೂ ಸುರು ಮಾಡಿದ್ಲು. ಎಲ್ಲಾ ಫಕೀರನ ಪುಣ್ಯ ಅಂತ ಅವ್ವ ತಿಳಕೊಂಡ್ಲು. ಬರೇ ಹೊಗಿಗೆ ಇಷ್ಟು ಗುಣ ಆದ್ರ ಹೊಟ್ಟ್ಯಾಗ ಹೋದ್ರ ಇನ್ನೆಷ್ಟು ಅಂತ, ಆ ಬೀಜದ ಕಷಾಯ ಕುದಿಸಿ ಕುಡಿಸೇಬಿಟ್ಲು.

ಸಂಜಿಮುಂದ ನಾ ಮನಿಗೆ ಬಂದ್ರ ಅಕ್ಕ ಬೆವತು ನಡುಗಾಕತ್ತಿದ್ಲು. ಅಡಿಗಿಮನ್ಯಾಗ ಚಹಾ ಸೋಸೋ ಜಾಲರಿ ತುಂಬ ಕುದ್ದ ಬೀಜ. ಅದರಾಗಿನ ಹಾರ್ಮಲಿನ್, ಮಿದುಳಿನ ಸೆರೊಟೋನಿನ್ ಕರಗಿಸೋ ಕಿಣ್ವದ ಕೈ ಕಟ್ಟತೈತಿ. ಅಕ್ಕನ ಗುಳಿಗಿ ಅದೇ ಸೆರೊಟೋನಿನ್ ಹೆಚ್ಚು ಮಾಡೋದು. ಎರಡೂ ಕೂಡಿದ್ರ ಜೀವಕ್ಕ ಕುತ್ತು.

"ನದರ ಇಳಿಯಾಕತ್ತೈತಿ, ನಡುಗಲಿ ಬಿಡು. ದವಾಖಾನಿ ಬ್ಯಾಡ," ಅಂತ ಅವ್ವ ಬಾಗಿಲಿಗೆ ಅಡ್ಡ ನಿಂತ್ಲು. ಅಕ್ಕ ಹೇಳಬ್ಯಾಡ ಅಂತ ನನಗ ಕಣ್ಣಾಗೇ ಬೇಡ್ಕೊಂಡ್ಲು. ಇಬ್ಬರ ಮ್ಯಾಲೂ ನನಗ ಸಿಟ್ಟು ಬಂತು. ಆಣಿ ಹಾಳಾಗಿ ಹೋಗಲಿ.

"ಅವ್ವಾ, ಆಕಿ ವಿಟಮಿನ್ ಡಬ್ಬ್ಯಾಗ ಇರೋದು ಮನಸ್ಸಿನ ಗುಳಿಗಿ. ಗುಣ ಆಗಿದ್ದು ಅದರಿಂದ. ಗುಳಿಗಿ ಅಂದ್ರ ನಳಾ ಬಿಟ್ಟಂಗ, ನಿನ್ನ ಬೀಜ ಮೋರಿಗೆ ಅರಿವಿ ತುರುಕೇತಿ. ಇನ್ನ ಮನಿ ಮುಳುಗೂದೇ."

ಅವ್ವ ಅಕ್ಕನ ಮಾರಿ ನೋಡಿದ್ಲು. "ಆಟೋ ಕರಿ," ಅಂದ್ಲು.

ದವಾಖಾನ್ಯಾಗ ಮರುದಿನಕ್ಕ ನಡುಕ ಇಳೀತು. ಸ್ವಲ್ಪ ದಿನ ಬಿಟ್ಟು ಡಾಕ್ಟರ್ ಗುಳಿಗಿ ಮತ್ತ ಸುರು ಮಾಡಿದ್ರು. ಅವ್ವ ಏನಂದಾಳೋ ಅಂತ ಅಕ್ಕ ಭಾಳ ಅಂಜಿದ್ಲು.

ಗುರುವಾರ ಫಕೀರ ಬಂದ. ಓಡಸ್ತಾಳ ಅನ್ಕೊಂಡ್ರ, ಅವ್ವ ಒಳಗ ಹೋಗಿ ವಿಟಮಿನ್ ಡಬ್ಬಿ ತಂದು ಹೊಗಿಗೆ ಹಿಡಿದ್ಲು. ಓಣಿಗೆಲ್ಲಾ ಕೇಳೋಹಂಗ ಅಂದ್ಲು:

"ಬಾಬಾ, ಇವುಗಳ ನದರ ತಗಿ. ನನ್ನ ಮಗಳು ಇವುಗಳಿಂದ ಬದುಕ್ಯಾಳ."

ಬಾಗಿಲ ಹಿಂದ ನಿಂತಿದ್ದ ಅಕ್ಕ ಹೊರಗ ಬಂದು ಅವ್ವನ ಬಾಜೂಕ ನಿಂತ್ಲು.