ಕುದಿಸಿದ ಕತ್ತರಿ

ಮಾಳಮಡ್ಡಿಯ ಮನೆಯಲ್ಲಿ ನನ್ನ ಮಗಳು ಹೆರುವಾಗ ನರ್ಸಬಾಯಿ ಮೊದಲು ಕತ್ತರಿಯನ್ನು ನೀರಿನಲ್ಲಿ ಕುದಿಸಿದಳು.

“ಕತ್ತರೀದು ಸಾರು ಮಾಡ್ತೀರೇನ್ರಿ ಬಾಯಿ?” ಎಂದು ನಕ್ಕೆ.

“ಕಣ್ಣಿಗೆ ಕಾಣದ ಹುಳಾ ಇರ್ತಾವ್ರಿ ಅಜ್ಜಿ. ಹೊಕ್ಕಳದಾಗ ಹೊಕ್ಕು ಕೂಸಿಗೆ ಧನುರ್ವಾಯು ತರ್ತಾವ,” ಎಂದಳು.

ನನ್ನ ನಗು ನಿಂತಿತು. ಹಿಂದೆ ಮುಗದ ಹಳ್ಳಿಯಲ್ಲಿ ನನ್ನ ಚೊಚ್ಚಲ ಮಗನ ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಬೂದಿ ಹಚ್ಚಿದ್ದರು. ವಾರ ತುಂಬುವ ಮೊದಲೇ ಕೂಸು ಬಿಲ್ಲಿನಂತೆ ಸೆಟೆದು ತೀರಿಹೋಯಿತು. ಹಣೆಬರಹ ಬರೆಯುವ ಸೆಟಿವೆವ್ವ ಅಷ್ಟೇ ಬರೆದಿದ್ದಳು ಎಂದರು ಹಿರಿಯರು. ಆ ಮಾತನ್ನು ಹಿಡಿದೇ ನಾನು ಬದುಕಿದ್ದೆ. ವಿಜ್ಞಾನ ಬೆಳೆಯುತ್ತ ಆ ಸಮಾಧಾನವನ್ನೂ ಅಳಿಸಿಬಿಟ್ಟಿತು.

ಈಗ ಮೊಮ್ಮಗಳು ಅಂಗಳದ ತುಂಬ ಓಡುತ್ತಾಳೆ. ಅವಳನ್ನು ಎತ್ತಿಕೊಂಡರೆ ಸಂತೋಷ ಎದೆಯಲ್ಲಿ ಹಿಡಿಸುವುದಿಲ್ಲ. ಆದರೆ ಮುಗದದಲ್ಲಿ ಆ ಕುಡುಗೋಲು ಹಿಡಿದ ದಿನವೂ ನನ್ನ ಬಾಣಂತಿ ಸ್ನಾನಕ್ಕೆಂದು ಒಲೆಯ ಮೇಲೆ ನೀರು ಕುದಿಯುತ್ತಲೇ ಇತ್ತು.